ತಕಾವೊ ಬೆಟ್ಟದಲ್ಲಿ ವರ್ಷದ ಮೊದಲ ಸೂರ್ಯೋದಯ: ಕತ್ತಲಲ್ಲಿ ಕೇಬಲ್ ಕಾರ್ ಹತ್ತುವವರಿಗೆ

ಡಿಸೆಂಬರ್ ಬಂತೆಂದರೆ ಟೋಕಿಯೊ ಸುತ್ತಮುತ್ತ ಇರುವ ಕನ್ನಡಿಗರೂ, ರಜೆಗೆ ಜಪಾನಿಗೆ ಬರುವವರೂ ಕೇಳುವ ಪ್ರಶ್ನೆ ಇದೇ. "ಜನವರಿ 1ಕ್ಕೆ ಬೆಟ್ಟದ ಮೇಲಿಂದ ಸೂರ್ಯೋದಯ ನೋಡಬೇಕು. ಪೂರ್ತಿ ಹತ್ತೋಕಾಗಲ್ಲ. ಕೇಬಲ್ ಕಾರ್ ಇದೆಯಂತಲ್ಲ, ಎಷ್ಟು ಗಂಟೆಗೆ ಹೋಗಬೇಕು?"

ಒಂದೇ ಮಾತಿನಲ್ಲಿ ಗಂಟೆ ಹೇಳಿಬಿಟ್ಟರೆ ನಿಮಗೆ ಅನ್ಯಾಯ ಮಾಡಿದಂತೆ. ಟೋಕಿಯೊ ಹತ್ತಿರದ ತಕಾವೊ ಬೆಟ್ಟದ ಕೇಬಲ್ ಕಾರ್ ತುದಿಯವರೆಗೆ ಹೋಗುವುದಿಲ್ಲ. ಅದು ಇಳಿಸಿದ ಜಾಗದಿಂದ ತುದಿಗೆ ಮಾಮೂಲಿ ದಿನವೇ 40 ನಿಮಿಷದ ನಡಿಗೆ. ಹಾಗಾಗಿ ಎಲ್ಲಿ ನಿಂತು ನೋಡುತ್ತೀರಿ ಎಂದು ಮೊದಲು ತೀರ್ಮಾನಿಸಿ. ಆ ಮೇಲೆ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಮನೆ ಬಿಡುವ ಗಂಟೆ ಸಿಗುತ್ತದೆ.

ಜಪಾನಿನಲ್ಲಿ ವರ್ಷದ ಮೊದಲ ಸೂರ್ಯೋದಯಕ್ಕೆ 'ಹತ್ಸುಹಿನೊದೆ' ಎನ್ನುತ್ತಾರೆ. ನಮಗೆ ಯುಗಾದಿ ಇದ್ದಂತೆ ಅವರಿಗೂ ಹಿಂದೆ ಚಂದ್ರನ ಲೆಕ್ಕದ ಹೊಸ ವರ್ಷವೇ ಇತ್ತು. 1873ರಲ್ಲಿ ಸರ್ಕಾರ ಈಗಿನ ಕ್ಯಾಲೆಂಡರ್ ತಂದ ಮೇಲೆ ಜನವರಿ 1 ಹೊಸ ವರ್ಷವಾಯಿತು. ಅಂದು ಬೆಳಗ್ಗೆ ಸಮುದ್ರದ ದಂಡೆಗೋ ಬೆಟ್ಟಕ್ಕೋ ಹೋಗಿ ಸೂರ್ಯನಿಗೆ ಕೈಮುಗಿಯುವುದು ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ.

ಕೇಬಲ್ ಕಾರ್ ವಿಷಯದಲ್ಲೂ ಅದು ವಿಶೇಷ ದಿನ. ತಕಾವೊ ಕೇಬಲ್ ಕಾರ್ ದಿನಾ ಶುರುವಾಗುವುದು ಬೆಳಗ್ಗೆ 8ಕ್ಕೆ. ಅಷ್ಟರಲ್ಲಿ ಚಳಿಗಾಲದಲ್ಲೂ ಸೂರ್ಯ ಚೆನ್ನಾಗಿ ಮೇಲೆ ಬಂದಿರುತ್ತಾನೆ. ಡಿಸೆಂಬರ್ 31ರ ರಾತ್ರಿ ಮಾತ್ರ ಅದು ಬೆಳಗಿನವರೆಗೂ ಓಡುತ್ತದೆ. "ಜನ ಜಾಸ್ತಿ, 2ನೇ ತಾರೀಕು ಹೋದರಾಯಿತು" ಎಂದುಕೊಳ್ಳುವವರು ಇದನ್ನು ಗಮನಿಸಿ. 2ರಂದು ಜನ ಇರುವುದಿಲ್ಲ ನಿಜ, ಆದರೆ ಆ ಹೊತ್ತಿಗೆ ಕೇಬಲ್ ಕಾರೂ ಇರುವುದಿಲ್ಲ. ಟಾರ್ಚ್ ಹಿಡಿದು ಬುಡದಿಂದ ನಡೆಯಬೇಕು.

1. ಯಾವ ಬೆಟ್ಟ ಎಂದು ಮೊದಲು ಖಚಿತ ಮಾಡಿಕೊಳ್ಳಿ

ಟೋಕಿಯೊದಿಂದ ಹೋಗುವವರು ಸಾಮಾನ್ಯವಾಗಿ ಎರಡು ಬೆಟ್ಟಗಳ ನಡುವೆ ಗೊಂದಲ ಮಾಡಿಕೊಳ್ಳುತ್ತಾರೆ.

ತಕಾವೊ ಇರುವುದು ಟೋಕಿಯೊದ ಪಶ್ಚಿಮದ ಅಂಚಿನಲ್ಲಿ, ಹಚಿಯೋಜಿ ಊರಿನಲ್ಲಿ. ಎತ್ತರ 599 ಮೀಟರ್. ಟೋಕಿಯೊದ ಶಿಂಜುಕು ಸ್ಟೇಷನ್ನಿನಿಂದ ಕೇಯೊ ಕಂಪನಿಯ ರೈಲಿನಲ್ಲಿ ಒಂದು ಗಂಟೆಯೊಳಗೆ ಬುಡಕ್ಕೆ ತಲುಪಬಹುದು.

ತ್ಸುಕುಬಾ ಇರುವುದು ಟೋಕಿಯೊದ ಈಶಾನ್ಯಕ್ಕೆ, ಇಬರಾಕಿ ಪ್ರಾಂತ್ಯದಲ್ಲಿ. ಎತ್ತರ 877 ಮೀಟರ್. ಅದಕ್ಕೆ ಎರಡು ತುದಿಗಳಿವೆ: ನಂತೈ ಮತ್ತು ನ್ಯೊತೈ, ಅಂದರೆ ಗಂಡು ತುದಿ, ಹೆಣ್ಣು ತುದಿ. ಸುತ್ತ ಎಲ್ಲ ಬಯಲು, ಅಡ್ಡ ಬರುವ ಬೆಟ್ಟಗಳಿಲ್ಲ. ನೋಟದ ವಿಚಾರಕ್ಕೆ ಬಂದರೆ ನನ್ನ ಮತ ತ್ಸುಕುಬಾಕ್ಕೆ. ಅಲ್ಲಿಯೂ ಹೊಸ ವರ್ಷದ ಬೆಳಗ್ಗೆ ಕತ್ತಲಿರುವಾಗಲೇ ಕೇಬಲ್ ಕಾರ್ ಬಿಡುತ್ತಾರೆ. ಸಮಸ್ಯೆ ಇರುವುದು ತಲುಪುವುದರಲ್ಲಿ. ಟೋಕಿಯೊದ ಅಕಿಹಬಾರಾದಿಂದ ತ್ಸುಕುಬಾ ಸ್ಟೇಷನ್ನಿಗೆ 45 ನಿಮಿಷದ ರೈಲಿದೆ, ಆದರೆ ಅಲ್ಲಿಂದ ಬೆಟ್ಟದ ಬುಡಕ್ಕೆ ಬಸ್ಸಿನಲ್ಲಿ ಇನ್ನೂ 40 ನಿಮಿಷ. ಮಾಮೂಲಿ ಮೊದಲ ರೈಲು ಹಿಡಿದರೆ ಸೂರ್ಯೋದಯ ಬಸ್ಸಿನೊಳಗೇ ಆಗುತ್ತದೆ. ಹಿಂದಿನ ರಾತ್ರಿ ಅಲ್ಲೇ ಉಳಿಯುವವರಿಗೆ ಅಥವಾ ಸ್ವಂತ ಕಾರ್ ಇರುವವರಿಗೆ ತ್ಸುಕುಬಾ. ಉಳಿದವರಿಗೆ ತಕಾವೊ. ಮುಂದೆ ಹೇಳುವುದೆಲ್ಲ ತಕಾವೊ ಬಗ್ಗೆ.

ಬೋರ್ಡ್ ಓದುವಾಗ ಒಂದು ವಿಷಯ ನೆನಪಿರಲಿ. ಜಪಾನಿನಲ್ಲಿ 'ಕೇಬಲ್ ಕಾರ್' ಎಂದರೆ ಹಳಿಯ ಮೇಲೆ ಹೋಗುವ, ಹಗ್ಗ ಎಳೆಯುವ ಗಾಡಿ. ತಂತಿಗೆ ಜೋತುಬಿದ್ದು ಹೋಗುವ ಡಬ್ಬಿಗೆ ಅವರು 'ರೋಪ್‌ವೇ' ಎನ್ನುತ್ತಾರೆ. ತಕಾವೊದಲ್ಲಿ ರೋಪ್‌ವೇ ಇಲ್ಲ. ಇಬ್ಬರು ಕೂರುವ ತೆರೆದ ಲಿಫ್ಟ್ ಇದೆ, ಅದನ್ನು ರಾತ್ರಿಯಿಡೀ ಓಡಿಸುವುದಿಲ್ಲ. ತ್ಸುಕುಬಾದಲ್ಲಿ ಕೇಬಲ್ ಕಾರೂ ಇದೆ, ರೋಪ್‌ವೇಯೂ ಇದೆ, ಎರಡೂ ಬೇರೆ ಬೇರೆ ಕಡೆಯಿಂದ ಹೊರಡುತ್ತವೆ. ಸ್ನೇಹಿತರ ಜೊತೆ "ಕೇಬಲ್ ಕಾರ್ ಹತ್ತಿರ ಸಿಗೋಣ" ಎಂದು ಮಾತಾಡಿಕೊಂಡು ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ನಿಲ್ಲಬೇಡಿ.

2. ಡಿಸೆಂಬರ್ ಮಧ್ಯದಲ್ಲಿ ನೋಡಿಕೊಳ್ಳಬೇಕಾದವು

ಹೋದ ವರ್ಷದ ವೇಳಾಪಟ್ಟಿಯ ಫೋಟೋ ನಂಬಿ ಹೊರಡಬೇಡಿ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ವರ್ಷಾಂತ್ಯದ ರಾತ್ರಿ ರೈಲುಗಳು ಪ್ರತಿ ವರ್ಷ ಒಂದೇ ತರ ಇರುವುದಿಲ್ಲ. 2020ರ ಕೊನೆಯಲ್ಲಿ ಕೊರೊನಾ ಕಾರಣಕ್ಕೆ ಟೋಕಿಯೊ ಸುತ್ತಲಿನ ಕಂಪನಿಗಳು ರಾತ್ರಿಯಿಡೀ ಓಡುವ ರೈಲನ್ನೇ ಕೈಬಿಟ್ಟಿದ್ದವು. ಆಮೇಲೂ ಕೆಲವು ಮಾರ್ಗಗಳಲ್ಲಿ ರೈಲು ಕಡಿಮೆ ಮಾಡಿದ್ದಾರೆ.

ಕೇಯೊ ರೈಲಿನ ವೆಬ್‌ಸೈಟಿನಲ್ಲಿ 31ರ ರಾತ್ರಿ ಮತ್ತು 1ರ ಬೆಳಗಿನ ವಿಶೇಷ ವೇಳಾಪಟ್ಟಿ ನೋಡಿ. ತಕಾವೊ ಕೇಬಲ್ ಕಾರ್ ಕಂಪನಿಯ ಪ್ರಕಟಣೆ ಬೇರೆ ಇರುತ್ತದೆ, ಅದನ್ನೂ ನೋಡಿ. ಮನೆಯಿಂದ ಶಿಂಜುಕುವರೆಗೆ ನಿಮ್ಮ ಮಾರ್ಗದ ರೈಲು ಇದೆಯೇ? ಟೋಕಿಯೊದ ಪೂರ್ವಕ್ಕೆ, ಭಾರತೀಯರು ಹೆಚ್ಚಿರುವ ನಿಶಿ-ಕಸಾಯ್ ಕಡೆ ಇರುವವರು ಇದನ್ನು ಮರೆಯುವುದು ಜಾಸ್ತಿ. ಶಿಂಜುಕುವಿನಿಂದ ಮುಂದಿನದೆಲ್ಲ ಸರಿಯಾಗಿ ನೋಡಿಕೊಂಡು, ಶಿಂಜುಕುಗೆ ಬರುವುದು ಹೇಗೆ ಎಂಬುದನ್ನೇ ಬಿಟ್ಟಿರುತ್ತಾರೆ.

ಸೂರ್ಯೋದಯದ ಸಮಯಕ್ಕೆ ಜಪಾನಿನ ರಾಷ್ಟ್ರೀಯ ಖಗೋಳ ವೀಕ್ಷಣಾಲಯ ಕೊಡುವ ಪಟ್ಟಿ ನಂಬಬಹುದು. ಜನವರಿ 1ರಂದು ಟೋಕಿಯೊ ನಗರದಲ್ಲಿ ಸೂರ್ಯೋದಯ 6:50ರ ಹೊತ್ತಿಗೆ. ಎತ್ತರಕ್ಕೆ ಹೋದಷ್ಟೂ ದಿಗಂತ ಕೆಳಗೆ ಜಾರುತ್ತದೆ, ಸೂರ್ಯ ಬೇಗ ಕಾಣುತ್ತಾನೆ. 600 ಮೀಟರ್ ಎತ್ತರಕ್ಕೆ ಮೂರು-ನಾಲ್ಕು ನಿಮಿಷ ಮುಂಚೆ ಎಂದಿಟ್ಟುಕೊಳ್ಳಿ. ಫುಜಿ ಪರ್ವತದ ತುದಿಯಲ್ಲಿ 6:42ಕ್ಕೇ ಕಾಣುತ್ತದೆ. ತಕಾವೊದಲ್ಲಿ 6:45ಕ್ಕೆ ಕಣ್ಣು ಪೂರ್ವದ ಕಡೆ ಇದ್ದರೆ ಸಾಕು.

ಬೆಂಗಳೂರಿನಿಂದ ಬರುವವರಿಗೆ ಇನ್ನೊಂದು ಮಾತು. ಡಿಸೆಂಬರ್ 29ರಿಂದ ಜನವರಿ 3ರವರೆಗೆ ಜಪಾನಿನ ಸರ್ಕಾರಿ ಕಚೇರಿಗಳಿಗೆ ರಜೆ. ವೀಸಾ ಕೆಲಸವನ್ನು ಡಿಸೆಂಬರ್ ಕೊನೆಗೆ ಇಟ್ಟುಕೊಳ್ಳಬೇಡಿ.

3. ಬಟ್ಟೆ, ಚೀಲ, ಹೊಟ್ಟೆ

ನಡಿಗೆ ಕಡಿಮೆ, ನಿಲ್ಲುವುದು ಜಾಸ್ತಿ. ಚಳಿಯ ಲೆಕ್ಕ ತಪ್ಪುವುದು ಇದಕ್ಕೇ. ಹತ್ತುವಾಗ ಮೈ ಬೆಚ್ಚಗಾಗುತ್ತದೆ. ಸಾಲಿನಲ್ಲಿ ಎರಡು ಗಂಟೆ ನಿಂತರೆ ಕಾಲಿನ ಬೆರಳು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಉಷ್ಣತೆ ಸೊನ್ನೆಯ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕೆಳಗೆ ಇರುತ್ತದೆ. ಗಾಳಿ ಬೀಸಿದರೆ ಇನ್ನೂ ಕಷ್ಟ.

ಒಂದು ದಪ್ಪ ಜಾಕೆಟ್‌ಗಿಂತ ಮೂರು ಪದರ ಒಳ್ಳೆಯದು. ಒಳಗೆ ಥರ್ಮಲ್, ನಡುವೆ ಉಣ್ಣೆ, ಹೊರಗೆ ಗಾಳಿ ತಡೆಯುವುದು. ಉಣ್ಣೆಯ ಕಾಲುಚೀಲ, ಟೋಪಿ, ಕೈಗವಸು ಬೇಕೇ ಬೇಕು. ಕನ್ವೀನಿಯನ್ಸ್ ಅಂಗಡಿಯಲ್ಲಿ 'ಕೈರೊ' ಎಂಬ ಪುಟ್ಟ ಪೊಟ್ಟಣ ಸಿಗುತ್ತದೆ. ಒಳಗಿರುವ ಕಬ್ಬಿಣದ ಪುಡಿಗೆ ಗಾಳಿ ತಾಕಿದರೆ ಬಿಸಿಯಾಗುತ್ತದೆ, ಗಂಟೆಗಟ್ಟಲೆ ಇರುತ್ತದೆ. ಅಂಟಿಸುವ ತರದ್ದು ಬೆನ್ನಿಗೆ, ಶೂ ಒಳಗೆ ಇಡುವ ತರದ್ದು ಪಾದಕ್ಕೆ. ಬರೀ ಚರ್ಮಕ್ಕೆ ಅಂಟಿಸಬೇಡಿ, ಸುಡುತ್ತದೆ.

ಹಣೆಗೆ ಕಟ್ಟುವ ಟಾರ್ಚ್ ಇದ್ದರೆ ಒಳ್ಳೆಯದು. ಮುಖ್ಯ ದಾರಿ ಗಟ್ಟಿ ರಸ್ತೆಯೇ, ಆದರೆ ಮರಗಳ ನಡುವೆ ಕತ್ತಲು. ಕೂರಲು ಒಂದು ಪ್ಲಾಸ್ಟಿಕ್ ಹಾಳೆ, ಫ್ಲಾಸ್ಕಿನಲ್ಲಿ ಬಿಸಿನೀರೋ ಕಷಾಯವೋ ಇರಲಿ. ಫೋನನ್ನು ಒಳ ಜೇಬಿನಲ್ಲಿಡಿ. ಚಳಿಗೆ ಬ್ಯಾಟರಿ ಸರಸರ ಇಳಿಯುತ್ತದೆ, ಸರಿಯಾಗಿ 6:44ಕ್ಕೆ ಕೈಕೊಡುತ್ತದೆ. ಕಸ ಹಾಕಲು ಒಂದು ಚೀಲ ಬೇಕು. ತಕಾವೊದಲ್ಲಿ ಕಸದ ಬುಟ್ಟಿ ಇಲ್ಲ, ನಿಮ್ಮ ಕಸ ನಿಮ್ಮ ಜೊತೆಗೇ ಕೆಳಗೆ ಬರಬೇಕು.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಲ್ಲಿ. ತಕಾವೊ ಸೋಬಾಗೆ ಹೆಸರುವಾಸಿ. ಸೋಬಾ ಎಂದರೆ ಬಕ್‌ವೀಟ್ ಹಿಟ್ಟಿನ ಶಾವಿಗೆ. ಅದರ ಮೇಲೆ ಗೆಣಸಿನ ಜಾತಿಯ ಗೆಡ್ಡೆಯನ್ನು ತುರಿದು ಹಾಕುತ್ತಾರೆ. ವರ್ಷದ ಕೊನೆಯ ರಾತ್ರಿ ಸೋಬಾ ತಿನ್ನುವುದು ಅಲ್ಲಿಯ ವಾಡಿಕೆ ಕೂಡ. ಬಟ್ಟಲಲ್ಲಿ ಮಾಂಸ, ಮೀನು ಏನೂ ಕಾಣುವುದಿಲ್ಲ. ಆದರೆ ಸಾರು ಹೆಚ್ಚಾಗಿ ಒಣ ಮೀನಿನಿಂದ ತೆಗೆದದ್ದೇ. "ವೆಜ್ ತರಾನೇ ಇದೆ" ಎಂದು ತಿಂದು ಆಮೇಲೆ ಬೇಜಾರಾಗುವುದಕ್ಕಿಂತ ಮನೆಯಿಂದ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಮೇಲು. ಬಿಸಿಬಿಸಿ 'ಅಮಝಾಕೆ' ಮಾರುತ್ತಿರುತ್ತಾರೆ, ಅಕ್ಕಿಯಿಂದ ಮಾಡಿದ ಸಿಹಿ ಪಾನೀಯ. ಅದರಲ್ಲಿ ಎರಡು ಬಗೆ. ಅಕ್ಕಿಗೆ ಕೋಜಿ ಎಂಬ ಬೂಷ್ಟು ಬೆಳೆಸಿ ಮಾಡಿದ್ದರಲ್ಲಿ ಮದ್ಯ ಇರುವುದಿಲ್ಲ. ಸಾಕೆ (ಅಕ್ಕಿಯ ಮದ್ಯ) ಸೋಸಿ ಉಳಿದ ಚರಟದಿಂದ ಮಾಡಿದ್ದರಲ್ಲಿ ಸ್ವಲ್ಪ ಇರಬಹುದು. ಮಕ್ಕಳಿಗೆ ಕೊಡುವ ಮುಂಚೆ ಕೇಳಿ.

4. ರೈಲು: ಇಳಿಯಬೇಕಾದದ್ದು 'ತಕಾವೊ'ದಲ್ಲಿ ಅಲ್ಲ

ನೀವು ಇಳಿಯಬೇಕಾದ ಸ್ಟೇಷನ್ 'ತಕಾವೊಸಾನ್‌ಗುಚಿ'. ಬೆಟ್ಟದ ಬಾಗಿಲು ಎಂದರ್ಥ. 'ತಕಾವೊ' ಎಂಬ ಸ್ಟೇಷನ್ ಅದಕ್ಕಿಂತ ಒಂದು ಸ್ಟಾಪ್ ಮುಂಚೆ ಬರುತ್ತದೆ. ಅರ್ಧ ನಿದ್ದೆಯಲ್ಲಿ ಹೆಸರು ಕೇಳಿ ಅಲ್ಲೇ ಇಳಿದುಬಿಡುವವರು ಎಷ್ಟೋ ಜನ. ಜೆಆರ್ ಕಂಪನಿಯ ಚುವೊ ಮಾರ್ಗದಲ್ಲಿ ಬಂದವರು ತಕಾವೊದಲ್ಲಿ ಇಳಿದು ಕೇಯೊ ರೈಲಿಗೆ ಬದಲಾಯಿಸಿ ಒಂದು ಸ್ಟಾಪ್ ಹೋಗಬೇಕು.

ಶಿಂಜುಕುವಿನಿಂದ ಕೇಯೊ ಹಿಡಿದವರು ಇನ್ನೊಂದು ಕಡೆ ಎಚ್ಚರವಿರಿ. ಕಿತಾನೊ ಸ್ಟೇಷನ್‌ನಲ್ಲಿ ಹಳಿ ಕವಲಾಗುತ್ತದೆ. ಒಂದು ತಕಾವೊಸಾನ್‌ಗುಚಿಗೆ, ಇನ್ನೊಂದು ಕೇಯೊ-ಹಚಿಯೋಜಿಗೆ. ಬಂದ ರೈಲು ಹಚಿಯೋಜಿಯದ್ದಾದರೆ ಕಿತಾನೊದಲ್ಲಿ ಇಳಿದು ಬದಲಾಯಿಸಿ. ರೈಲಿಗೆ ಬಳಸುವ ಸುಯಿಕಾ ಅಥವಾ ಪಾಸ್ಮೊ ಕಾರ್ಡಿಗೆ ಹಿಂದಿನ ದಿನವೇ ದುಡ್ಡು ತುಂಬಿಸಿಕೊಳ್ಳಿ, ಹೋಗಿಬರಲು 1,000 ಯೆನ್ ಇದ್ದರೆ ಶಿಂಜುಕುವಿನಿಂದ ಸಾಕು. ಚಿಲ್ಲರೆ ನಗದೂ ಇರಲಿ.

5. ಕಿಯೊತಾಕಿಯ ಸಾಲು

ಸ್ಟೇಷನ್‌ನಿಂದ ಐದು ನಿಮಿಷ ನಡೆದರೆ ಕಿಯೊತಾಕಿ, ಕೇಬಲ್ ಕಾರಿನ ಕೆಳಗಿನ ನಿಲ್ದಾಣ. ಇಡೀ ರಾತ್ರಿಯ ಕಥೆ ತೀರ್ಮಾನವಾಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1927ರಲ್ಲಿ ಶುರುವಾದ ಈ ಮಾರ್ಗದ ಉದ್ದ ಬರೀ 1,020 ಮೀಟರ್. ಅಷ್ಟರಲ್ಲೇ 271 ಮೀಟರ್ ಮೇಲೇರುತ್ತದೆ. ಮೇಲಿನ ತುದಿಗೆ ಹತ್ತಿರವಾದಾಗ ಏರು 31 ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಜಪಾನಿನ ಕೇಬಲ್ ಕಾರ್‌ಗಳಲ್ಲೇ ಅತಿ ಕಡಿದಾದ ಜಾಗ ಅದು. ನಿಂತಿದ್ದರೆ ಕಂಬಿ ಗಟ್ಟಿಯಾಗಿ ಹಿಡಿಯಿರಿ. ಇರುವುದು ಎರಡೇ ಗಾಡಿ, ಹೆಸರು 'ಅಓಬಾ' ಮತ್ತು 'ಮೊಮಿಜಿ', ಹಸಿರೆಲೆ ಮತ್ತು ಮೇಪಲ್ ಎಲೆ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದಂತೆ ಒಂದೇ ಹಗ್ಗದ ಎರಡು ತುದಿಗೆ ಎರಡು ಗಾಡಿ. ಒಂದು ಇಳಿದರೆ ಇನ್ನೊಂದು ಏರುತ್ತದೆ, ನಡುದಾರಿಯಲ್ಲಿ ಒಂದನ್ನೊಂದು ದಾಟುತ್ತವೆ.

ಜನ ಜಾಸ್ತಿ ಎಂದು ಮೂರನೇ ಗಾಡಿ ಬಿಡಲು ಆಗುವುದಿಲ್ಲ ಎಂಬುದು ಇದರ ಅರ್ಥ. ಒಂದು ಗಾಡಿಯಲ್ಲಿ 135 ಜನ. ಒಂದು ಪಯಣಕ್ಕೆ 6 ನಿಮಿಷ, ಹತ್ತಿ ಇಳಿಯಲು ಒಂದೆರಡು ನಿಮಿಷ ಸೇರಿಸಿ. ಎಷ್ಟೇ ಚುರುಕಾಗಿ ಓಡಿಸಿದರೂ ಗಂಟೆಗೆ ಸುಮಾರು ಸಾವಿರ ಜನ ಮೇಲೆ ಹೋಗಬಹುದು. ನಿಮ್ಮ ಮುಂದೆ ಎರಡು ಸಾವಿರ ಜನ ಇದ್ದರೆ ಎರಡು ಗಂಟೆ. ಸಾಲು ಕಂಡ ಕೂಡಲೇ ಈ ಲೆಕ್ಕ ಹಾಕಿ, ಕಾಯುವುದೋ ನಡೆಯುವುದೋ ಅಲ್ಲೇ ನಿರ್ಧಾರ ಮಾಡಿ. ಒಂದು ಗಂಟೆ ಸಾಲಿನಲ್ಲಿ ನಿಂತು, ಆಮೇಲೆ ತಾಳ್ಮೆ ಕಳೆದುಕೊಂಡು ನಡೆಯಲು ಹೊರಟರೆ ಎರಡೂ ಹೋಯಿತು.

ನಡೆಯುವುದಾದರೆ 1ನೇ ನಂಬರಿನ ದಾರಿ ಮಾತ್ರ. ಅಗಲವಾಗಿದೆ, ಗಟ್ಟಿ ನೆಲ, ಜೊತೆಗೆ ಜನ ಇರುತ್ತಾರೆ. 6ನೇ ನಂಬರಿನ ದಾರಿ ಹಗಲಿನಲ್ಲಿ ಚಂದ, ಹಳ್ಳದ ಪಕ್ಕದಲ್ಲೇ ಹೋಗುತ್ತದೆ. ಕತ್ತಲಲ್ಲಿ ಒದ್ದೆ ಕಲ್ಲಿನ ಮೇಲೆ ಆ ಸಾಹಸ ಬೇಡ.

ಟಿಕೆಟ್ ಒಂದು ಕಡೆಗೆ 500 ಯೆನ್ ಆಸುಪಾಸು. ಹೋಗಿಬರುವುದು ತೆಗೆದುಕೊಂಡರೆ ಸ್ವಲ್ಪವೇ ಉಳಿತಾಯ. ನನ್ನ ಸಲಹೆ ಕೇಳಿದರೆ, ಹೋಗುವುದಕ್ಕೆ ಮಾತ್ರ ತೆಗೆದುಕೊಳ್ಳಿ. ಏಕೆಂದು 8ನೇ ಹಂತದಲ್ಲಿ ಗೊತ್ತಾಗುತ್ತದೆ. ಶೌಚಾಲಯಕ್ಕೆ ಸಾಲು ಸೇರುವ ಮುಂಚೆಯೇ ಹೋಗಿಬನ್ನಿ.

6. ಎಲ್ಲಿ ನಿಲ್ಲುವುದು?

ಕೇಬಲ್ ಕಾರ್ ಇಳಿಸುವುದು 472 ಮೀಟರ್ ಎತ್ತರದಲ್ಲಿ. ಇಲ್ಲಿಂದ ನಿಮಗೆ ಎರಡು ದಾರಿ.

ಒಂದು, ತುದಿ. ಜನವರಿ 1ರ ಸೂರ್ಯೋದಯಕ್ಕೆ ಅಲ್ಲಿ ಯಕುಓಯಿನ್ ದೇವಸ್ಥಾನದವರು 'ಗೇಕೋಸಾಯ್' ನಡೆಸುತ್ತಾರೆ, ಬೆಳಕನ್ನು ಬರಮಾಡಿಕೊಳ್ಳುವ ಪೂಜೆ. ಯಮಬುಶಿಗಳು, ಅಂದರೆ ಬೆಟ್ಟದಲ್ಲಿ ಸಾಧನೆ ಮಾಡುವವರು, ಶಂಖ ಊದುತ್ತಾರೆ. ನೋಡಲು ಪುಣ್ಯ ಬೇಕು ಎನ್ನುವಂಥದ್ದು. ಆದರೆ ತುದಿ ಚಿಕ್ಕದು. ತುಂಬಿದ ಮೇಲೆ ಸಿಬ್ಬಂದಿ ದಾರಿ ಮುಚ್ಚುತ್ತಾರೆ. ಮುಚ್ಚಿದ ಮೇಲೆ ನೀವು ನಿಲ್ಲುವುದು ಮರಗಳ ನಡುವೆ, ಮೆಟ್ಟಿಲ ಮೇಲೆ. ಸೂರ್ಯನೂ ಇಲ್ಲ, ಶಂಖವೂ ಇಲ್ಲ. ಆ ದಿನ ಬಯ್ದುಕೊಂಡು ಬರುವವರೆಲ್ಲ ಹೆಚ್ಚಾಗಿ ಈ ನಡುದಾರಿಯವರೇ.

ಎರಡನೆಯದು, ಕೇಬಲ್ ಕಾರ್ ಇಳಿದ ಜಾಗದ ಪಕ್ಕದಲ್ಲೇ ಇರುವ ಕಸುಮಿದೈ ಎಂಬ ನೋಟದ ಕಟ್ಟೆ. ಪೂರ್ವಕ್ಕೆ ತೆರೆದುಕೊಂಡಿದೆ. ಕೆಳಗೆ ಟೋಕಿಯೊ ಸುತ್ತಲಿನ ಇಡೀ ಕಾಂತೊ ಬಯಲು, ದೂರದಲ್ಲಿ ಶಿಂಜುಕುವಿನ ಕಟ್ಟಡಗಳ ಗುಂಪು. ಜನವರಿಯಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ಆಗ್ನೇಯದ ಕಡೆ ಸರಿದಿರುತ್ತಾನೆ. ತಕಾವೊದಿಂದ ನೋಡಿದರೆ ಸರಿಸುಮಾರು ಯೋಕೊಹಾಮಾ ಇರುವ ದಿಕ್ಕು. ಶಿಂಜುಕು ಕಟ್ಟಡಗಳಿಗಿಂತ ಬಲಕ್ಕೆ ಕಣ್ಣಿಡಿ.

ಮಕ್ಕಳು, ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ಕಸುಮಿದೈ ಎಂದು ಕಣ್ಣುಮುಚ್ಚಿ ಹೇಳುತ್ತೇನೆ. ತುದಿಯ ಹೆಸರಿಗಾಗಿ ಅವರನ್ನು ಕತ್ತಲಲ್ಲಿ ಮೆಟ್ಟಿಲು ಹತ್ತಿಸಿ, ಕೊನೆಗೆ ಗೇಟಿನ ಮುಂದೆ ನಿಲ್ಲಿಸುವುದರಲ್ಲಿ ಅರ್ಥವಿಲ್ಲ ಅಲ್ವಾ?

ಈಗ ಗಂಟೆಯ ಲೆಕ್ಕ, ನನ್ನ ಅಂದಾಜಿನಲ್ಲಿ:

- ಕಸುಮಿದೈ ಸಾಕು ಎನ್ನುವವರು 5:15ರ ಒಳಗೆ ಕಟ್ಟೆಯ ಅಂಚಿನಲ್ಲಿ ಇರಬೇಕು. ಕಿಯೊತಾಕಿಯ ಸಾಲಿಗೆ 3ರಿಂದ 3:30ಕ್ಕೆ ಸೇರಿ.
- ತುದಿಯೇ ಬೇಕು ಎನ್ನುವವರು 4ರ ಸುಮಾರಿಗೆ ಅಲ್ಲಿರಬೇಕು. ಜನಜಂಗುಳಿಯಲ್ಲಿ 40 ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯಿರಿ. ಸಾಲಿಗೆ ಇನ್ನೊಂದೂವರೆ ಗಂಟೆ. ಅಂದರೆ ಕಿಯೊತಾಕಿಗೆ ರಾತ್ರಿ 1:30ಕ್ಕೆ.

ಆಗ ತುದಿಯಲ್ಲಿ ಸುಮಾರು ಮೂರು ಗಂಟೆ ಚಳಿಯಲ್ಲಿ ಕಾಯಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ತುದಿಗೆ ಹೋಗುವ ದಾರಿಯ ಬಗ್ಗೆ ಎರಡು ಮಾತು. ಸ್ವಲ್ಪ ದೂರದಲ್ಲಿ ದಾರಿ ಎರಡಾಗುತ್ತದೆ: ಗಂಡಸರ ಏರು, ಹೆಂಗಸರ ಏರು. ಹೆಸರಷ್ಟೇ ಹಾಗೆ, ಯಾರು ಯಾವುದರಲ್ಲಾದರೂ ಹೋಗಬಹುದು. ಗಂಡಸರ ಏರಿನಲ್ಲಿ 108 ಕಲ್ಲಿನ ಮೆಟ್ಟಿಲು. ಮನುಷ್ಯನ 108 ಆಸೆ-ಕ್ಲೇಶಗಳ ಲೆಕ್ಕವಂತೆ. ವರ್ಷದ ಕೊನೆಯ ರಾತ್ರಿ ಜಪಾನಿನ ದೇವಸ್ಥಾನಗಳಲ್ಲಿ ಗಂಟೆ ಬಾರಿಸುವುದೂ 108 ಸಲವೇ. ಹೆಂಗಸರ ಏರು ಮೆಟ್ಟಿಲಿಲ್ಲದ ಇಳಿಜಾರು, ಮೊಣಕಾಲು ನೋವಿರುವವರಿಗೆ ಅದೇ ಸರಿ. ಎರಡೂ ಮುಂದೆ ಕೂಡುತ್ತವೆ. ಆಮೇಲೆ ಯಕುಓಯಿನ್ ಒಳಗೆ ಮೆಟ್ಟಿಲುಗಳು ಸಾಲುಸಾಲಾಗಿ ಬರುತ್ತವೆ.

7. ಆ ಅರ್ಧ ಗಂಟೆ

ಸೂರ್ಯ ಕಾಣುವುದಕ್ಕೆ ಅರ್ಧ-ಮುಕ್ಕಾಲು ಗಂಟೆ ಮುಂಚೆಯೇ ಆಕಾಶ ಬಣ್ಣ ಬದಲಿಸಲು ಶುರುಮಾಡುತ್ತದೆ. ಸುಮಾರು 6:10ರಿಂದ ಫೋನ್ ಬದಿಗಿಟ್ಟು ನೋಡಿ. ಕಾಂತೊ ಕಡೆ ಚಳಿಗಾಲ ಒಣ ಹವೆ. ಉತ್ತರ-ಪಶ್ಚಿಮದಿಂದ ಬರುವ ಗಾಳಿ ತನ್ನ ಹಿಮವನ್ನೆಲ್ಲ ಜಪಾನ್ ಸಮುದ್ರದ ಕಡೆಯ ಬೆಟ್ಟಗಳ ಮೇಲೆ ಸುರಿದು, ಈ ಕಡೆ ಬರಿಗೈಯಲ್ಲಿ ಬರುತ್ತದೆ. ಹಾಗಾಗಿ ಜನವರಿಯಲ್ಲಿ ಇಲ್ಲಿ ತಿಳಿ ಆಕಾಶ ಸಿಗುವ ಸಾಧ್ಯತೆ ಚೆನ್ನಾಗಿದೆ. ದಿಗಂತದಲ್ಲಿ ತೆಳ್ಳಗೆ ಮೋಡದ ಗೆರೆ ಇದ್ದರೆ ಗಾಬರಿ ಬೇಡ. ಸೂರ್ಯ ಐದು-ಹತ್ತು ನಿಮಿಷ ತಡವಾಗಿ ಅದರ ಮೇಲಿಂದ ಬರುತ್ತಾನೆ. ಸಮಯ ಮುಗಿಯಿತೆಂದು ಹೊರಟವರ ಜಾಗ ನಿಮಗೆ ಸಿಗುತ್ತದೆ.

ತುದಿಯಲ್ಲಿ ಇದ್ದವರಿಗೆ ಒಂದು ಗುಟ್ಟು. ಸೂರ್ಯ ಬಂದ ಕೂಡಲೇ ಹಿಂದಕ್ಕೆ ತಿರುಗಿ. ತಕಾವೊದಲ್ಲಿ ಫುಜಿ ಪರ್ವತ ಇರುವುದು ಪಶ್ಚಿಮದ ಕಡೆ. ಎಲ್ಲರೂ ಪೂರ್ವಕ್ಕೆ ಫೋನ್ ಎತ್ತಿರುವಾಗ, ಬೆನ್ನ ಹಿಂದೆ ಹಿಮ ಹೊದ್ದ ಫುಜಿ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಕೆಲವೇ ನಿಮಿಷ, ಆಮೇಲೆ ಬಿಳಿ. ಸೂರ್ಯ ಸರಿಯಾಗಿ ಫುಜಿಯ ನೆತ್ತಿಯ ಮೇಲೆ ಕೂರುವ 'ಡೈಮಂಡ್ ಫುಜಿ' ಫೋಟೋ ನೋಡಿ ಆಸೆಯಿಂದ ಬರುವವರಿದ್ದಾರೆ. ತಕಾವೊದಲ್ಲಿ ಅದು ಡಿಸೆಂಬರ್ 20ರ ಆಸುಪಾಸಿನ ಸಂಜೆ, ಸೂರ್ಯ ಮುಳುಗುವಾಗ. ಜನವರಿ 1ರ ಬೆಳಗ್ಗೆ ಅದನ್ನು ಹುಡುಕಬೇಡಿ.

ಫೋಟೋಗೆ ಟ್ರೈಪಾಡ್ ಬೇಡ. ಜಾಗವೂ ಇಲ್ಲ, ಕತ್ತಲಲ್ಲಿ ಯಾರಾದರೂ ಎಡವುತ್ತಾರೆ. ಫೋನಿನಲ್ಲಿ ಸೂರ್ಯನ ಪಕ್ಕದ ಆಕಾಶವನ್ನು ಒತ್ತಿ ಹಿಡಿದು ಬೆಳಕನ್ನು ಸ್ವಲ್ಪ ಇಳಿಸಿದರೆ ಬಣ್ಣ ಉಳಿಯುತ್ತದೆ. ಸೂರ್ಯ ಬಂದಾಗ ಪಕ್ಕದವರು "ಅಕೆಮಾಶಿತೆ ಒಮೆದೆತೊ ಗೊಝೈಮಸು" ಎಂದರೆ ಅದು ಹೊಸ ವರ್ಷದ ಶುಭಾಶಯ. ಅದನ್ನೇ ತಿರುಗಿ ಹೇಳಿ, ಸ್ವಲ್ಪ ತಲೆ ಬಾಗಿಸಿ. ಊರಿಗೆ ವೀಡಿಯೊ ಕಾಲ್ ಮಾಡುವ ಮುಂಚೆ ಯೋಚಿಸಿ. ಇಲ್ಲಿ 6:45 ಎಂದರೆ ಕರ್ನಾಟಕದಲ್ಲಿ ನಡುರಾತ್ರಿ ಕಳೆದು 3:15.

8. ಇಳಿಯುವುದು

ಹತ್ತುವ ಜನ ರಾತ್ರಿಯಿಡೀ ಹಂಚಿಹೋಗಿ ಬಂದಿರುತ್ತಾರೆ. ಇಳಿಯುವವರು ಎಲ್ಲರೂ 7ಕ್ಕೇ ಹೊರಡುತ್ತಾರೆ. ಅದೇ ಎರಡು ಗಾಡಿ, ಅದೇ 135 ಜನ. ಕೆಳಗಿಳಿಯುವ ಸಾಲು ಹತ್ತುವ ಸಾಲಿಗಿಂತ ಉದ್ದವಾಗುವುದು ಇದಕ್ಕೇ. ಕೇಬಲ್ ಕಾರ್ ಇಳಿದ ಜಾಗದಿಂದ 1ನೇ ದಾರಿಯಲ್ಲಿ ನಡೆದರೆ ಮುಕ್ಕಾಲು ಗಂಟೆಯಲ್ಲಿ ಬುಡದಲ್ಲಿರುತ್ತೀರಿ. ಬೆಳಕಾಗಿರುತ್ತದೆ, ಮೈಯೂ ಬೆಚ್ಚಗಾಗುತ್ತದೆ. ಆದರೆ ಆರಂಭದಲ್ಲಿ ಇಳಿಜಾರು ಜಾಸ್ತಿ, ಮರದ ನೆರಳಿರುವ ಕಡೆ ಮಂಜುಗಟ್ಟಿ ಜಾರಬಹುದು. ಅಂಚಿನ ಕಂಬಿ ಬಿಡಬೇಡಿ.

ನಡೆಯಲಾರದವರು ಅವಸರ ಮಾಡದೆ ಯಕುಓಯಿನ್‌ನಲ್ಲಿ ಒಂದೆರಡು ಗಂಟೆ ಕಳೆಯಿರಿ. ವರ್ಷದ ಮೊದಲ ದೇವಸ್ಥಾನ ಭೇಟಿಗೆ 'ಹತ್ಸುಮೋದೆ' ಎನ್ನುತ್ತಾರೆ, ಅದೂ ಆದಂತಾಯಿತು. 744ರಲ್ಲಿ ಕಟ್ಟಿಸಿದ್ದೆಂದು ಹೇಳುವ ಈ ದೇವಸ್ಥಾನ ಶಿಂಗೊನ್ ಎಂಬ ಬೌದ್ಧ ಪಂಥದ್ದು. ಒಳಗೆ ಬೆಂಕಿ ಮಾಡಿ ಕಟ್ಟಿಗೆ ಅರ್ಪಿಸುವ 'ಗೋಮಾ' ನಡೆಯುತ್ತದೆ. ನಮ್ಮ ಹೋಮವೇ ಚೀನಾ ದಾಟಿ ಅಲ್ಲಿಗೆ ಹೋಗಿರುವುದು. ಉದ್ದ ಮೂಗಿನ 'ತೆಂಗು' ಎಂಬ ಜಪಾನಿ ದೈವದ ಮೂರ್ತಿಗಳನ್ನು ನೋಡಿ ಮಕ್ಕಳು ಹೆದರಿದರೆ, ಅವು ಬೆಟ್ಟ ಕಾಯುವವು ಎಂದು ಹೇಳಿ. ಕೈಮುಗಿಯುವಾಗ ಚಪ್ಪಾಳೆ ತಟ್ಟಬೇಡಿ. ಚಪ್ಪಾಳೆ ಜಪಾನಿನ ಮೂಲ ಧರ್ಮವಾದ ಶಿಂತೊದ ಗುಡಿಗಳ ಪದ್ಧತಿ. ಇಲ್ಲಿ ಮುಂದೆ ಆ ಗುಡಿಗಳಲ್ಲಿರುವಂಥ ತೊರೀ ದ್ವಾರ ಇದ್ದರೂ ಇದು ಬೌದ್ಧ ದೇವಸ್ಥಾನ, ನಾವು ಮಾಡುವಂತೆ ಸುಮ್ನೆ ಕೈಜೋಡಿಸಿದರೆ ಸಾಕು.

ಕೆಳಗೆ ತಕಾವೊಸಾನ್‌ಗುಚಿ ಸ್ಟೇಷನ್ನಿಗೆ ಅಂಟಿಕೊಂಡೇ ಬಿಸಿನೀರಿನ ಸ್ನಾನಗೃಹ ಇದೆ. ಆ ದಿನದ ಸಮಯ ಮುಂಚೆಯೇ ನೋಡಿಕೊಳ್ಳಿ. ಮೈಮೇಲೆ ಹಚ್ಚೆ ಇರುವವರು ನಿಯಮ ಓದಿ, ಜಪಾನಿನ ಇಂಥ ಜಾಗಗಳಲ್ಲಿ ಹಚ್ಚೆ ಇದ್ದರೆ ಒಳಗೆ ಬಿಡದಿರುವುದು ಸಾಮಾನ್ಯ.

ರೈಲು ಹತ್ತಿದ ಕೂಡಲೇ ನಿದ್ದೆ ಬರುತ್ತದೆ. ಕೇಯೊ ಮಾರ್ಗದ ಶಿಂಜುಕು ಕೊನೆಯ ಸ್ಟೇಷನ್, ಹಾಗಾಗಿ ನಿಶ್ಚಿಂತೆಯಿಂದ ಮಲಗಬಹುದು. ಆದರೆ ಹತ್ತುವ ಮುಂಚೆ ರೈಲಿನ ಹಣೆಯ ಮೇಲಿನ ಹೆಸರು ಓದಿ. ಕೇಯೊದ ಕೆಲವು ರೈಲುಗಳು ಶಿಂಜುಕುವಿನಲ್ಲಿ ನಿಲ್ಲಿಸಿ ಹಾಗೇ ಸುರಂಗ ಮಾರ್ಗಕ್ಕೆ ಸೇರಿಕೊಂಡು ಮುಂದೆ ಹೋಗುತ್ತವೆ. 'ಮೊತೊಯಾವತಾ' ಎಂದು ಬರೆದಿದ್ದರೆ ಒಬ್ಬರಾದರೂ ಎಚ್ಚರವಾಗಿರಿ, ಇಲ್ಲದಿದ್ದರೆ ಟೋಕಿಯೊ ದಾಟಿ ಚಿಬಾ ಪ್ರಾಂತ್ಯದಲ್ಲಿ ಕಣ್ಣು ಬಿಡುತ್ತೀರಿ.